ಮನೆಯಲ್ಲೇ ಪಾಸ್ತಾ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕೈದು ಜನ ಸೇರಿ ಪಾಸ್ತಾ ಮಾಡುವುದು ಶುರುವಾಗಿ ಮೂರು ವರ್ಷ ಆಯ್ತು. ಮೊದಲು ಓಣಿಯವರು ಬಂದರು, ಆಮೇಲೆ ಅವರ ಬೀಗರು. ಈಗ ಬಾಗಲಕೋಟೆ, ವಿಜಯಪುರದಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿ ಒಣಗಿತು, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ಹೋಟೆಲಿನಲ್ಲಿ ಕೆಲಸ ಮಾಡಿದವಳಲ್ಲ, ಇಟಲಿ ನೋಡಿದವಳೂ ಅಲ್ಲ. ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು ಇದು.

ಪಾಸ್ತಾ ಅಂದ್ರೆ ಮೈದಾ ಅಲ್ವಾ?

ಅಲ್ಲ. ಒಣ ಪಾಸ್ತಾ ಮಾಡುವುದು ಡ್ಯೂರಮ್ ಗೋಧಿಯ ರವೆಯಿಂದ. ಡ್ಯೂರಮ್ ಅಂದ ಕೂಡಲೇ ಯಾವುದೋ ಪರದೇಶದ ಗೋಧಿ ಅಂದುಕೊಳ್ಳಬೇಡಿ. ನಾವು ಬನ್ಸಿ ರವೆ ಅನ್ನುತ್ತೇವಲ್ಲ, ಅದೇ ಜಾತಿ. ಕಾಳು ಗಟ್ಟಿ, ಬಣ್ಣ ತಿಳಿಹಳದಿ. ಇಟಲಿಯಲ್ಲಂತೂ ಒಣ ಪಾಸ್ತಾ ಡ್ಯೂರಮ್ ಗೋಧಿಯದ್ದೇ ಆಗಿರಬೇಕು ಎಂದು 1967ರಲ್ಲಿ ಕಾನೂನನ್ನೇ ಮಾಡಿದರು.

ಈ ಗೋಧಿಯ ಹಿಟ್ಟಿಗೆ ಒಂದು ಗುಣ ಇದೆ. ಎಳೆದರೆ ಹಿಗ್ಗುತ್ತದೆ, ಆದರೆ ಮೈದಾ ಹಿಟ್ಟಿನಷ್ಟು ಮತ್ತೆ ಹಿಂದಕ್ಕೆ ಜಗ್ಗಿಕೊಳ್ಳುವುದಿಲ್ಲ. ಕೊಟ್ಟ ಆಕಾರ ಹಿಡಿದು ಕೂರುತ್ತದೆ. ಕುದಿಯುವ ನೀರಿನಲ್ಲೂ ಬಿಡುವುದಿಲ್ಲ. ಮೈದಾ ಪಾಸ್ತಾ ಇಲ್ಲವೇ ಇಲ್ಲ ಅಂತಲ್ಲ. ಉತ್ತರ ಇಟಲಿಯ ಬೊಲೋನ್ಯಾ ಕಡೆ ಮೆತ್ತಗಿನ ಗೋಧಿಯ ಹಿಟ್ಟಿಗೆ ಮೊಟ್ಟೆ ಹಾಕಿ ಹಸಿ ಪಾಸ್ತಾ ಮಾಡುತ್ತಾರೆ. ಅದು ಬೇರೆ ರುಚಿ. ಅಂಗಡಿಯಲ್ಲಿ ಪ್ಯಾಕೆಟ್ ಕೊಳ್ಳುವಾಗ ಮಾತ್ರ ಹಿಂಬದಿ ತಿರುಗಿಸಿ ಓದಿ. ಡ್ಯೂರಮ್ ಅಂತ ಇದ್ದರೆ ಬುಟ್ಟಿಗೆ ಹಾಕಿ, ಇಲ್ಲದಿದ್ದರೆ ಇದ್ದಲ್ಲೇ ಇಡಿ.

ಹಂಗಾದ್ರೆ ಇದು ನಮ್ಮ ಶಾವಿಗೇನೇ ಅಲ್ವಾ?

ಮೊದಲ ಸಲ ಇದನ್ನು ಕೇಳಿದ್ದು ನಮ್ಮ ಅತ್ತೆ. ಮುಧೋಳದವರು. ನಾನು ಪರಾತದಲ್ಲಿ ಹಿಟ್ಟು ನಾದುವುದನ್ನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. "ಇದಕ್ಯಾಕ ಇಷ್ಟು ದೊಡ್ಡ ಹೆಸರು? ನಮ್ಮ ಶಾವಿಗಿ ಅಲ್ಲೇನ ಇದು?" ಅಂದರು. ನನಗೆ ನಗು ಬಂತು. ರಾತ್ರಿ ಯೋಚನೆ ಮಾಡಿದರೆ ಅವರು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ.

ಅದೇ ಗೋಧಿ, ಅದೇ ರವೆ, ಅದೇ ಗಟ್ಟಿ ಹಿಟ್ಟು. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರು ಸೇರಿ ಹೊರಸಿಗೆ ಶಾವಿಗೆ ಮಷಿನ್ ಬಿಗಿದು, ಒಬ್ಬರು ಹಿಟ್ಟು ಒತ್ತಿ, ಒಬ್ಬರು ಹಿಡಿಕೆ ತಿರುಗಿಸಿ, ಒಬ್ಬರು ಎಳೆಗಳನ್ನು ಕೋಲಿಗೆ ಹಾಕುತ್ತಿದ್ದುದು ನೆನಪಿದೆಯಾ? ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ಬಿಗೊಲಿ ಅನ್ನುವ ದಪ್ಪ ಎಳೆಯ ಪಾಸ್ತಾ ಇದೆ. ಅದನ್ನು ಒತ್ತುವ ಹಳೆಯ ಯಂತ್ರವೂ ಒಂದು ಬೆಂಚಿಗೆ ಬಿಗಿದದ್ದೇ. ಬೆಂಚಿನ ಮೇಲೆ ಕುದುರೆ ಹತ್ತಿದಂತೆ ಕೂತು ಹಿಡಿಕೆ ತಿರುಗಿಸುತ್ತಾರೆ.

ಇನ್ನೂ ಒಂದು ಹೇಳುತ್ತೇನೆ. ನಮ್ಮಲ್ಲಿ ಹುಗ್ಗಿಗೆ, ಪಾಯಸಕ್ಕೆ ಅಂತ ಹಿಟ್ಟನ್ನು ಬೆರಳ ತುದಿಯಲ್ಲಿ ಹೊಸೆದು ಸೌತಿಬೀಜ ಮಾಡುತ್ತಾರೆ. ಇಟಲಿಯವರಲ್ಲಿ ಸಾರಿಗೆ ಹಾಕುವ ಚಿಕ್ಕ ಪಾಸ್ತಾ ಒಂದಕ್ಕೆ "ಸೆಮಿ ದಿ ಮೆಲೋನೆ" ಅಂತ ಹೆಸರು. ಅಂದರೆ ಕರಬೂಜದ ಬೀಜ! ಎರಡು ಕಡೆಯ ಹೆಂಗಸರೂ ಹಿಟ್ಟಿನ ಚೂರು ನೋಡಿ ಒಂದೇ ಜಾತಿಯ ಬಳ್ಳಿ ನೆನಪಿಸಿಕೊಂಡಿದ್ದಾರೆ.

ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಅನ್ನುವ ಕತೆ ನೀವೂ ಕೇಳಿರಬಹುದು. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಅಲ್ ಇದ್ರಿಸಿ ಎಂಬ ಅರಬ್ ಭೂಗೋಳ ಪಂಡಿತ ಇಟಲಿಯ ಸಿಸಿಲಿ ದ್ವೀಪದ ತ್ರಾಬಿಯಾ ಎಂಬ ಊರಲ್ಲಿ ಗೋಧಿಯ ಎಳೆ ಮಾಡಿ ಹಡಗು ತುಂಬಿ ಕಳಿಸುತ್ತಿದ್ದರು ಎಂದು ಬರೆದಿದ್ದಾನೆ. ಪೋಲೊ ಕತೆ ಸುಮ್ನೆ ಕತೆ.

ವ್ಯತ್ಯಾಸ ಇರುವುದು ಬೇಯಿಸುವುದರಲ್ಲಿ. ಶಾವಿಗೆಯನ್ನು ನಾವು ಮೆತ್ತಗೆ ಬೇಯಿಸಿ ಹಾಲು, ಬೆಲ್ಲ, ತುಪ್ಪ ಹಾಕಿ ಉಣ್ಣುತ್ತೇವೆ. ಪಾಸ್ತಾ ಹಲ್ಲಿಗೆ ಸ್ವಲ್ಪ ಸಿಗಬೇಕು.

ಯಾವ ರವೆ ತರಲಿ?

ಸಣ್ಣ ಬನ್ಸಿ ರವೆ. ಬೆಳಗಾವಿಯಲ್ಲಿ ನಾನು ರವಿವಾರ ಪೇಟೆಯಿಂದ ತರುತ್ತೇನೆ. "ಶಾವಿಗಿ ರವಾ ಕೊಡ್ರಿ" ಅಂದರೆ ಕಿರಾಣಿಯವರಿಗೆ ಬೇಗ ತಿಳಿಯುತ್ತದೆ, ಪಾಸ್ತಾ ಗೀಸ್ತಾ ಅಂತ ವಿವರಿಸುವ ಕೆಲಸ ಇಲ್ಲ. ಉಪ್ಪಿಟ್ಟಿನ ದಪ್ಪ ಬನ್ಸಿ ರವೆ ಮಾತ್ರ ಇದ್ದರೆ ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಿ, ಸಣ್ಣ ಜರಡಿಯಲ್ಲಿ ಹಿಡಿಯಿರಿ. ಒಂದೇ ಸಮ ತಿರುಗಿಸಿದರೆ ಬಿಸಿಯಾಗುತ್ತದೆ.

ಅಂಗೈಯಲ್ಲಿ ಹಾಕಿ ನೋಡಿ. ಹಳದಿ ಛಾಯೆ ಇರಬೇಕು, ಬೆರಳಿನಲ್ಲಿ ಉಜ್ಜಿದರೆ ಸಣ್ಣ ಮರಳಿನಂತೆ ಹತ್ತಬೇಕು. ಬೆಳ್ಳಗೆ ಮೆತ್ತಗೆ ಇದ್ದರೆ ಅದು ಚಿರೋಟಿ ರವೆ. ಅದರಲ್ಲೂ ಆಗುತ್ತದೆ, ಆದರೆ ಪಾಸ್ತಾ ಬೇಗ ಮೆತ್ತಗಾಗುತ್ತದೆ. ಇಡ್ಲಿ ರವೆ ಅಕ್ಕಿಯದ್ದು, ಅದು ಬೇಡವೇ ಬೇಡ. ಒಬ್ಬರು ತಂದಿದ್ದರು, ಹೆಸರು ಹೇಳುವುದಿಲ್ಲ.

ಮೊಟ್ಟೆ ಇಲ್ಲದೆ ಆಗುತ್ತಾ? ಹಿಟ್ಟು ಹೇಗೆ ನಾದಬೇಕು?

ಚೆನ್ನಾಗಿ ಆಗುತ್ತದೆ. ದಕ್ಷಿಣ ಇಟಲಿಯಲ್ಲಿ ರವೆ ಮತ್ತು ನೀರು ಎರಡೇ ಹಾಕುತ್ತಾರೆ. ಸಸ್ಯಾಹಾರಿ ಮನೆಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಇಬ್ಬರಿಗೆ ಲೆಕ್ಕ: 200 ಗ್ರಾಂ ಸಣ್ಣ ಬನ್ಸಿ ರವೆ, 100 ಮಿಲಿ ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪು. ತೂಕಕ್ಕೆ ಅರ್ಧ ನೀರು ಅಂತ ನೆನಪಿಡಿ. ಹಿಟ್ಟು ಸಲೀಸಾಗಿ ಕೂಡಿಕೊಳ್ಳಲಿ ಅಂದರೆ ರವೆಯಲ್ಲಿ ಕಾಲು ಭಾಗ ಗೋಧಿ ಹಿಟ್ಟು ಬೆರೆಸಿಕೊಳ್ಳಬಹುದು.

ರವೆಯನ್ನು ಪರಾತಕ್ಕೆ ಹಾಕಿ, ನೀರನ್ನು ಮೂರು ಸಲಕ್ಕೆ ಹಾಕಿ. ಮೊದಲಿಗೆ ಒದ್ದೆ ಉಸುಕಿನ ಹಾಗೆ ಪುಡಿಪುಡಿ ಕಾಣುತ್ತದೆ. ಇಲ್ಲೇ ಎಲ್ಲರೂ ಗಾಬರಿಯಾಗಿ ಇನ್ನೊಂದು ಲೋಟ ನೀರು ಸುರಿಯುವುದು. ಸುರಿಯಬೇಡಿ. ಪುಡಿಯನ್ನೆಲ್ಲ ಒಟ್ಟು ಮಾಡಿ, ಮುಷ್ಟಿಯಲ್ಲಿ ಹಿಡಿದು ಒತ್ತಿ, ಒದ್ದೆ ಬಟ್ಟೆ ಮುಚ್ಚಿ ಐದು ನಿಮಿಷ ಸುಮ್ನೆ ಬಿಡಿ. ರವೆಗೆ ನೀರು ಕುಡಿಯಲು ಹೊತ್ತು ಬೇಕು. ಮುಚ್ಚಿದ ಬಟ್ಟೆ ತೆಗೆದಾಗ ಅದೇ ಪುಡಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ.

ಈಗ ನಾದುವುದು. ಅಂಗೈ ಬುಡದಿಂದ ಮುಂದಕ್ಕೆ ಒತ್ತಿ, ಹಿಂದಕ್ಕೆ ಮಡಚಿ, ಕಾಲು ಸುತ್ತು ತಿರುಗಿಸಿ, ಮತ್ತೆ ಒತ್ತಿ. ತೋಳಿನ ಬಲ ಸಾಲದು, ಮೈಭಾರ ಹಾಕಬೇಕು. ಪೂರಾ ಹತ್ತು ನಿಮಿಷ. ಮೊದಲ ಮೂರು ನಿಮಿಷ ಹಿಟ್ಟು ಬಿರಿಯುತ್ತದೆ, ಬೈಸಿಕೊಳ್ಳುತ್ತದೆ. ಆರನೇ ನಿಮಿಷಕ್ಕೆ ಮೇಲ್ಮೈ ನುಣ್ಣಗಾಗಲು ಶುರು. ಹತ್ತಕ್ಕೆ ಬೆರಳಿನಿಂದ ಒತ್ತಿದ ಗುಳಿ ನಿಧಾನಕ್ಕೆ ಮೇಲೆ ಬಂದರೆ ಆಯ್ತು. ಚಪಾತಿ ಹಿಟ್ಟಿಗಿಂತ ಇದು ಜಾಸ್ತಿ ಗಟ್ಟಿ. ಕೈಗೆ ಅಂಟಿದರೆ ನೀರು ಹೆಚ್ಚಾಯಿತು ಅಂತಲೇ ಅರ್ಥ, ಒಂದು ಚಮಚ ಒಣ ರವೆ ಉದುರಿಸಿ ನಾದಿ.

ಒದ್ದೆ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಇದನ್ನು ತಪ್ಪಿಸಬೇಡಿ. ಇಡದೆ ಲಟ್ಟಿಸಿದರೆ ಹಿಟ್ಟು ಹಿಂದಕ್ಕೆ ಜಗ್ಗುತ್ತದೆ, ನಿಮಗೂ ಸಿಟ್ಟು ಬರುತ್ತದೆ.

ಮೊಟ್ಟೆ ನಡೆಯುವ ಮನೆ ಆದರೆ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ನೀರು ಬೇಡ.

ಮಷಿನ್ ಇಲ್ಲ. ಆಕಾರ ಹೇಗೆ ಕೊಡಲಿ?

ಮಷಿನ್ ನನ್ನ ಹತ್ತಿರವೂ ಇಲ್ಲ. ಲಟ್ಟಣಿಗೆ ಮತ್ತು ಚಾಕು ಸಾಕು. ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಮೇಲೆ ರವೆ ಉದುರಿಸಿ, ಸಡಿಲವಾಗಿ ಸುರುಳಿ ಸುತ್ತಿ, ಚಾಕುವಿನಿಂದ ಪಟ್ಟಿ ಪಟ್ಟಿ ಕತ್ತರಿಸಿ. ಸುರುಳಿ ಬಿಚ್ಚಿದರೆ ಉದ್ದನೆಯ ಪಟ್ಟಿಗಳು. ಇದೇ ಟಾಲ್ಯಟೆಲ್ಲೆ. ಬೊಲೋನ್ಯಾದವರು ಬೆಂದ ಪಟ್ಟಿಯ ಅಗಲ 8 ಮಿಲಿಮೀಟರ್ ಇರಬೇಕು ಎಂದು 1972ರಲ್ಲಿ ಅಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿ, ಬಂಗಾರದ್ದೊಂದು ಮಾದರಿ ಇಟ್ಟಿದ್ದಾರೆ. ನಿಮ್ಮದು 6 ಆದರೂ 12 ಆದರೂ ಯಾರೂ ಕೇಳುವುದಿಲ್ಲ. ಎಲ್ಲವೂ ಒಂದೇ ಅಗಲ ಇದ್ದರೆ ಸಾಕು, ಇಲ್ಲದಿದ್ದರೆ ಕೆಲವು ಬೇಯುತ್ತವೆ, ಕೆಲವು ಹಸಿ ಉಳಿಯುತ್ತವೆ.

ಆದರೆ ಮೊಟ್ಟೆ ಇಲ್ಲದ ರವೆ ಹಿಟ್ಟಿಗೆ ನನಗೆ ಇಷ್ಟವಾದದ್ದು ಕವಾಟೆಲ್ಲಿ. ಹಿಟ್ಟನ್ನು ಕಿರುಬೆರಳ ದಪ್ಪದ ಬತ್ತಿ ಹೊಸೆಯಿರಿ. ಅದನ್ನು ಒಂದೊಂದು ಉಗುರಿನಷ್ಟು ಚೂರು ಮಾಡಿ. ಪ್ರತಿ ಚೂರನ್ನು ಹೆಬ್ಬೆರಳಿನಿಂದ ಒತ್ತಿ ನಿಮ್ಮ ಕಡೆ ಎಳೆಯಿರಿ. ಚೂರು ತಾನಾಗಿಯೇ ಸುರುಳಿಯಾಗಿ ಚಿಕ್ಕ ಕವಡೆ ಹಾಗೆ ಆಗುತ್ತದೆ, ಒಳಗೆ ಸಾಸ್ ನಿಲ್ಲಲು ಜಾಗ. ಮೇಲೆ ಗೀರು ಬೇಕೆಂದರೆ ಫೋರ್ಕಿನ ಬೆನ್ನ ಮೇಲೆ ಎಳೆಯುತ್ತಾರೆ. ನಮ್ಮ ಅತ್ತೆ ಅದನ್ನು ನೋಡಿ ಒಳಗೆ ಹೋದರು. ಅಟ್ಟದ ಮೇಲಿದ್ದ ಹಳೆಯ ಶಾವಿಗೆ ಮಣೆ ತಂದು, ಸೆರಗಿನಿಂದ ಧೂಳು ಒರೆಸಿ, ನನ್ನ ಮುಂದೆ ಇಟ್ಟರು. ಆ ಮಣೆಯ ಗೀರುಗಳ ಮೇಲೆ ಒಂದು ಚೂರು ಇಟ್ಟು ಹೆಬ್ಬೆರಳಿನಿಂದ ಎಳೆದರೆ, ಏನು ಚೆಂದ ಗೆರೆ! ಅಂಗಡಿಯ ಪ್ಯಾಕೆಟ್ಟಿನಲ್ಲಿ ಬರುವುದಕ್ಕಿಂತ ಸಾಪಾಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಕವಾಟೆಲ್ಲಿ ಅಂದರೆ ಆ ಮಣೆಯದ್ದೇ.

ಇದೇ ಚೂರನ್ನು ಬೆರಳ ತುದಿಯ ಮೇಲೆ ಮಗುಚಿದರೆ ಒರೆಕ್ಯೆಟ್ಟೆ. ಹೆಸರಿನ ಅರ್ಥ ಚಿಕ್ಕ ಕಿವಿ. ಬಾರಿ ಎಂಬ ಊರಿನ ಹಳೆಯ ಓಣಿಗಳಲ್ಲಿ ಹೆಂಗಸರು ಮನೆ ಬಾಗಿಲಲ್ಲೇ ಕೂತು ಇದನ್ನು ಮಾಡಿ ಮಾರುತ್ತಾರೆ.

ಚಕ್ಕಲಿ ಒರಳಿನಲ್ಲಿ ಒತ್ತಬಹುದಾ?

ಬೇಡ. ಈ ಹಿಟ್ಟು ಅದಕ್ಕೆ ತುಂಬಾ ಗಟ್ಟಿ. ನಾನು ಒತ್ತಿ ಒರಳಿನ ಹಿಡಿಕೆ ಮುರಿದೆ, ದೀಪಾವಳಿಗೆ ನಾಲ್ಕು ದಿನ ಇರುವಾಗ. ಶಾವಿಗೆ ಮಷಿನ್ ಇದ್ದರೆ ಮಾತ್ರ ದಪ್ಪ ತೂತಿನ ಬಿಲ್ಲೆ ಹಾಕಿ ತಿರುಗಿಸಿ.

ನೀರೆಷ್ಟು, ಉಪ್ಪೆಷ್ಟು? ಎಣ್ಣೆ ಹಾಕಬೇಕಾ?

100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. 10 ಗ್ರಾಂ ಅಂದರೆ ಸುಮಾರು ಎರಡು ಚಹಾ ಚಮಚ. "ಇಷ್ಟು ಉಪ್ಪಾ?" ಅಂತ ಎಲ್ಲರೂ ಕಣ್ಣರಳಿಸುತ್ತಾರೆ. ಅದರಲ್ಲಿ ಬಹುಪಾಲು ಬಸಿದ ನೀರಿನ ಜತೆ ಹೋಗುತ್ತದೆ. ಪಾಸ್ತಾದ ಒಳಗೆ ಉಪ್ಪು ಇಳಿಯಲು ಇದೊಂದೇ ಅವಕಾಶ, ಆಮೇಲೆ ಸಾಸಿಗೆ ಎಷ್ಟು ಹಾಕಿದರೂ ಅದು ಹೊರಗೇ ಉಳಿಯುತ್ತದೆ. ನಿಮ್ಮ ಬೋರ್ ನೀರು ಸವಳಾಗಿದ್ದರೆ ಕುಡಿಯುವ ನೀರಲ್ಲೇ ಬೇಯಿಸಿ, ಇಲ್ಲವೇ ಉಪ್ಪು ಕಡಿಮೆ ಮಾಡಿ.

ಎಣ್ಣೆ ಬೇಡ. ಅದು ನೀರಿನ ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾಗೆ ಮೆತ್ತಿಕೊಂಡು ಸಾಸ್ ಹಿಡಿಯಲು ಬಿಡುವುದಿಲ್ಲ. ಅಂಟಬಾರದು ಅಂದರೆ ಹಾಕಿದ ಮೊದಲ ಎರಡು ನಿಮಿಷ ಕೈಯಾಡಿಸಿ.

ಪ್ಯಾಕೆಟ್ ಮೇಲೆ 9 ನಿಮಿಷ ಅಂತ ಇದೆ, ನಮ್ಮಲ್ಲಿ ಬೇಯುವುದೇ ಇಲ್ಲ. ಯಾಕೆ?

ಎರಡು ಕಾರಣ. ಒಂದು, ನೀರು ಕುದಿಯುವ ಮೊದಲೇ ಹಾಕಿರುತ್ತೀರಿ. ಗುಳುಗುಳು ಕುದಿ ಬಂದ ಮೇಲೆ ಹಾಕಿ, ಮತ್ತೆ ಕುದಿ ಬಂದಾಗಿನಿಂದ ನಿಮಿಷ ಎಣಿಸಿ. ಇನ್ನೊಂದು ನಮ್ಮ ಊರಿನ ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ನೀರು 100 ಡಿಗ್ರಿಗೆ ಹೋಗುವ ಮೊದಲೇ, 97-98ಕ್ಕೆ ಕುದಿಯುತ್ತದೆ. ಗೋವಾದಲ್ಲಿ ಸಮುದ್ರದ ಪಕ್ಕ ಬೇಯಿಸಿದ್ದಕ್ಕಿಂತ ಇಲ್ಲಿ ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ.

ಗಡಿಯಾರಕ್ಕಿಂತ ಹಲ್ಲನ್ನು ನಂಬಿ. ಒಂದು ತುಂಡು ತೆಗೆದು ಕಚ್ಚಿ ಒಳಗೆ ನೋಡಿ. ನಟ್ಟನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಉಳಿದಿದೆಯಾ? ಇಳಿಸಿ. ಉಳಿದದ್ದು ಸಾಸಿನಲ್ಲಿ ಬೇಯುತ್ತದೆ. ಮನೆಯಲ್ಲಿ ಮಾಡಿದ ಹಸಿ ಪಟ್ಟಿ 3-4 ನಿಮಿಷಕ್ಕೆ ಆಗುತ್ತದೆ, ದಪ್ಪ ಕವಾಟೆಲ್ಲಿಗೆ ಇನ್ನೂ ಎರಡು ಮೂರು ನಿಮಿಷ.

ಹಾಗಂತ ವಯಸ್ಸಾದವರಿಗೆ ಹಲ್ಲಿಗೆ ಸಿಗುವ ಪಾಸ್ತಾ ಕೊಟ್ಟು "ಇಟಲಿಯಲ್ಲಿ ಹಿಂಗೇ" ಅನ್ನಬೇಡಿ. ನಮ್ಮ ಮಾವನಿಗೆ ನಾನು ಮೂರು ನಿಮಿಷ ಜಾಸ್ತಿ ಬೇಯಿಸಿಯೇ ಕೊಡುತ್ತೇನೆ.

ಬಸಿದ ಮೇಲೆ ತಣ್ಣೀರಲ್ಲಿ ತೊಳೆಯಬೇಕಾ?

ಸಾಸ್ ಹಾಕುವುದಾದರೆ ತೊಳೆಯಬೇಡಿ. ಮೈಮೇಲಿನ ಗಂಜಿ ತೊಳೆದುಹೋದರೆ ಸಾಸ್ ಜಾರುತ್ತದೆ. ಆ ಬಸಿದ ನೀರನ್ನು ಚೆಲ್ಲುವ ಮೊದಲು ಒಂದು ಲೋಟ ತೆಗೆದಿಡಿ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅನ್ನದ ಗಂಜಿಯ ಹಾಗೆ ಅದರಲ್ಲಿ ಗೋಧಿಯ ಗಂಜಿ ಇರುತ್ತದೆ. ಎಣ್ಣೆಯೂ ನೀರೂ ಬೇರೆ ಬೇರೆ ನಿಲ್ಲದಂತೆ ಕೂಡಿಸಿ ಸಾಸ್ ಮಂದ ಮಾಡುವುದು ಅದೇ.

ಮೊದಲ ಸಲ ಮಾಡುವವರಿಗೆ ಯಾವ ಸಾಸ್?

ಟೊಮ್ಯಾಟೊ. ಇಬ್ಬರಿಗೆ: ಚೆನ್ನಾಗಿ ಹಣ್ಣಾದ 400 ಗ್ರಾಂ ಟೊಮ್ಯಾಟೊ, ನಾಲ್ಕು ಎಸಳು ಬಳ್ಳೊಳ್ಳಿ, ಎರಡು ದೊಡ್ಡ ಚಮಚ ಎಣ್ಣೆ, ಉಪ್ಪು, ಒಂದು ಬ್ಯಾಡಗಿ ಮೆಣಸಿನಕಾಯಿ.

ಟೊಮ್ಯಾಟೊವನ್ನು ಕುದಿನೀರಲ್ಲಿ ಅರ್ಧ ನಿಮಿಷ ಮುಳುಗಿಸಿ ಸಿಪ್ಪೆ ಸುಲಿದು, ಕೈಯಲ್ಲೇ ಕಿವುಚಿ. ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಹಾಕಿ ಸಣ್ಣ ಉರಿಯಲ್ಲಿ ಇಡಿ. ಒಗ್ಗರಣೆ ಅಂತ ಚಟಪಟ ಅನ್ನಿಸಬೇಡಿ. ಅಂಚು ಹೊಂಬಣ್ಣ ಬಂದ ಕೂಡಲೇ ಮುರಿದ ಮೆಣಸಿನಕಾಯಿ, ಹಿಂದೆಯೇ ಟೊಮ್ಯಾಟೊ. ಉಪ್ಪು ಹಾಕಿ 15-20 ನಿಮಿಷ ಬಿಡಿ. ಎಣ್ಣೆ ಅಂಚಿನಲ್ಲಿ ಕೆಂಪಗೆ ಬಿಡಲು ಶುರುವಾದಾಗ ಆಗಿದೆ. ಜವಾರಿ ಟೊಮ್ಯಾಟೊ ಆದರೆ ಹುಳಿ ಜಾಸ್ತಿ, ಕಡಲೆಕಾಳಿನಷ್ಟು ಬೆಲ್ಲ ಹಾಕಿ.

ಈಗ ಮುಖ್ಯ ಕೆಲಸ. ಪಾಸ್ತಾವನ್ನು ಒಂದು ನಿಮಿಷ ಮೊದಲೇ ತೆಗೆದು ನೇರ ಈ ಬಾಣಲೆಗೆ ಹಾಕಿ. ಬಸಿದ ನೀರು ಒಂದು ಸೌಟು. ಉರಿ ಏರಿಸಿ ಒಂದು ನಿಮಿಷ ಎತ್ತಿ ಎತ್ತಿ ಕಲಸಿ. ತಟ್ಟೆಗೆ ಬಿಳಿ ಪಾಸ್ತಾ ಹಾಕಿ ಮೇಲೆ ಸಾಸ್ ಸುರಿಯುವುದು ಅನ್ನ ಸಾರಿನ ರೂಢಿ. ಇಲ್ಲಿ ಎರಡೂ ಬಾಣಲೆಯಲ್ಲೇ ಕೂಡಬೇಕು.

ಅಂದ ಹಾಗೆ ಟೊಮ್ಯಾಟೊ ಇಟಲಿಯದ್ದೂ ಅಲ್ಲ. ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಯುರೋಪಿಗೆ ಬಂತು. ಪಾಸ್ತಾ ಜತೆ ಅದರ ಜೋಡಿ ಮನೆಮನೆಗೆ ಹತ್ತಿದ್ದು 19ನೇ ಶತಮಾನದಲ್ಲಿ. ನಮ್ಮ ಮೆಣಸಿನಕಾಯಿಯೂ ಅದೇ ಖಂಡದಿಂದ ಬಂದದ್ದು, ಯಾರು ಯಾರಿಗೆ ಹೇಳುವುದು?

ಆಲಿವ್ ಎಣ್ಣೆ ದುಬಾರಿ. ಬೇರೆ ಎಣ್ಣೆ ನಡೆಯುತ್ತಾ?

ನಡೆಯುತ್ತದೆ. ಟೊಮ್ಯಾಟೊ ಸಾಸಿಗೆ ಶೇಂಗಾ ಎಣ್ಣೆ ಏನೂ ತೊಂದರೆ ಇಲ್ಲ. ಬರೀ ಎಣ್ಣೆ, ಬಳ್ಳೊಳ್ಳಿಯಲ್ಲಿ ಮಾಡುವ ನೇಪಲ್ಸ್‌ನ ಆಲ್ಯೊ ಎ ಒಲ್ಯೊಗೆ ಮಾತ್ರ ಎಣ್ಣೆಯ ರುಚಿಯೇ ಜೀವ. ಅಲ್ಲಿ ನಾನು ಗಾಣದ ಕುಸುಬಿ ಎಣ್ಣೆ ಹಾಕುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಕುಸುಬಿ ಹೊಲದ ವಿಷಯ ಹೇಳಬೇಕಾಗಿಲ್ಲ.

ಇಬ್ಬರಿಗೆ ಮೂರು ದೊಡ್ಡ ಚಮಚ ಎಣ್ಣೆ, ತೆಳ್ಳಗೆ ಹೆಚ್ಚಿದ ಆರು ಎಸಳು ಬಳ್ಳೊಳ್ಳಿ, ಎರಡು ಬ್ಯಾಡಗಿ. ಎಣ್ಣೆ ತಣ್ಣಗಿರುವಾಗಲೇ ಬಳ್ಳೊಳ್ಳಿ ಹಾಕಿ ಸಣ್ಣ ಉರಿ ಇಡಿ. ಕಂದು ಆದರೆ ಕಹಿ, ಮೊದಲಿಂದ ಮಾಡಿ. ಆಮೇಲೆ ಪಾಸ್ತಾ, ಬಸಿದ ನೀರು, ಕೊತಂಬರಿ. ಕೊನೆಗೆ ಅರ್ಧ ಇಂಡಿ ನಿಂಬೆ ಹಿಂಡಿ.

ಇದರ ಮೇಲೆ ಉದುರಿಸಲು ಒಂದು ಕುರುಕಲು ಇದೆ. ದಕ್ಷಿಣ ಇಟಲಿಯ ಬಡವರು ಚೀಸ್ ಕೊಳ್ಳಲಾಗದೆ ಒಣ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಹಾಕುತ್ತಿದ್ದರು. ನಾನು ಖಡಕ್ ರೊಟ್ಟಿಯನ್ನು ಕೈಯಲ್ಲಿ ಪುಡಿ ಮಾಡಿ, ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬಳ್ಳೊಳ್ಳಿ ಜತೆ ಹುರಿಯುತ್ತೇನೆ. ಸಜ್ಜೆ ರೊಟ್ಟಿ ಆದರೆ ಇನ್ನೂ ಚೆಂದ. ಮೊದಲು ಮಕ್ಕಳು ಬಟ್ಟಲಲ್ಲೇ ಅರ್ಧ ಖಾಲಿ ಮಾಡುತ್ತಾರೆ, ಹಾಗಾಗಿ ಜಾಸ್ತಿ ಮಾಡಿ.

ಬಿಳಿ ಸಾಸ್ ಗಂಟುಗಂಟಾಗುತ್ತೆ. ಏನು ಮಾಡಲಿ?

ನಾಲ್ಕು ಜನರಿಗೆ ಎರಡು ದೊಡ್ಡ ಚಮಚ ಬೆಣ್ಣೆ, ಅಷ್ಟೇ ಮೈದಾ, ಅರ್ಧ ಲೀಟರ್ ಹಾಲು. ಬೆಣ್ಣೆ ಕರಗಿಸಿ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಹಾಲನ್ನು ಒಂದೊಂದು ಸೌಟು ಹಾಕಿ. ಹಾಕಿದ್ದು ಪೂರಾ ಕೂಡಿದ ಮೇಲೆಯೇ ಮುಂದಿನ ಸೌಟು. ಗಂಟಾಗುವುದು ಆತುರಕ್ಕೆ. ಆಗಿಯೇ ಹೋದರೆ ಜರಡಿಯಲ್ಲಿ ಸೋಸಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ಚಮಚದ ಬೆನ್ನಿಗೆ ಹತ್ತಿ ನಿಂತರೆ ಇಳಿಸಿ, ಆರಿದಂತೆ ಇನ್ನೂ ಮಂದ ಆಗುತ್ತದೆ. ಉಪ್ಪು, ಕಾಳುಮೆಣಸಿನ ಪುಡಿ, ಚೂರು ಜಾಯಿಕಾಯಿ.

ಪಾರ್ಮೆಸಾನ್ ಚೀಸ್ ಸಸ್ಯಾಹಾರವಾ?

ಇಟಲಿಯ ಮೂಲ ಪಾರ್ಮೆಸಾನ್ ಅಲ್ಲ. ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ ಕೊಳ್ಳಿ. ಚೀಸ್ ಇಲ್ಲದೆಯೂ ಮೇಲಿನ ಸಾಸುಗಳು ರುಚಿಯೇ.

ನಮ್ಮ ಚಟ್ನಿಪುಡಿ, ಮಸಾಲೆ ಹಾಕಬಹುದಾ?

ಗರಂ ಮಸಾಲೆ ಹಾಕಿದರೆ ಅದು ಪುಲಾವ್ ಆಗುತ್ತದೆ, ಪಾಸ್ತಾ ಯಾಕೆ ಬೇಕಿತ್ತು? ಇದು ನನ್ನ ಅಭಿಪ್ರಾಯ, ನಿಮ್ಮ ಬಾಣಲೆ ನಿಮ್ಮದು. ಶೇಂಗಾ ಚಟ್ನಿಪುಡಿ ಮಾತ್ರ ಅದ್ಭುತ. ಬೆಣ್ಣೆ, ಬಸಿದ ನೀರು, ಎರಡು ಚಮಚ ಶೇಂಗಾ ಚಟ್ನಿ ಸೇರಿಸಿ ಕಲಸಿದರೆ ಐದೇ ನಿಮಿಷದಲ್ಲಿ ಊಟ. ಗುರೆಳ್ಳು ಪುಡಿ ಸ್ವಲ್ಪವೇ ಹಾಕಿ, ಜಾಸ್ತಿ ಆದರೆ ಬೇರೆ ರುಚಿ ಬಿಡುವುದಿಲ್ಲ.

ಬಾರಿಯ ಕಡೆ ಒರೆಕ್ಯೆಟ್ಟೆಯನ್ನು ಸ್ವಲ್ಪ ಕಹಿ ಸೊಪ್ಪಿನ ಜತೆ ಬೇಯಿಸುತ್ತಾರೆ. ನಮ್ಮ ಮೆಂತೆ ಪಲ್ಲೆ ಅದಕ್ಕೆ ಹೇಳಿ ಮಾಡಿಸಿದ್ದು. ಪಾಸ್ತಾ ಬೇಯುವ ಕೊನೆಯ ಎರಡು ನಿಮಿಷ ಅದೇ ನೀರಿಗೆ ಸೊಪ್ಪು ಹಾಕಿ, ಒಟ್ಟಿಗೇ ಬಸಿದು, ಬಳ್ಳೊಳ್ಳಿ ಎಣ್ಣೆಯಲ್ಲಿ ಹೊರಳಿಸಿ. ವಿಜಯಪುರದ ಒಣದ್ರಾಕ್ಷಿ ಏಳೆಂಟು ಹಾಕಿದರೆ ಕಹಿಗೆ ಸಿಹಿ ಜೋಡಿ. ಪಾಸ್ತಾಗೆ ದ್ರಾಕ್ಷಿಯಾ ಅನ್ನಬೇಡಿ, ಸಿಸಿಲಿಯವರು ಮೀನಿನ ಪಾಸ್ತಾಗೂ ಹಾಕುತ್ತಾರೆ.

ಶ್ರಾವಣದಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದೆ?

ಟೊಮ್ಯಾಟೊ ಸಾಸಿಗೆ ಚಿಟಿಕೆ ಇಂಗು. ಅಥವಾ ಬೆಣ್ಣೆ, ಕಾಳುಮೆಣಸು, ನಿಂಬೆ. ಅಷ್ಟೇ.

ಜೋಳದ ಹಿಟ್ಟಿನಲ್ಲಿ ಪಾಸ್ತಾ ಆಗುತ್ತಾ?

ಬರೀ ಜೋಳದಲ್ಲಿ ಉದ್ದ ಎಳೆ ಆಗುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್, ಅಂದರೆ ಹಿಟ್ಟನ್ನು ಬಿಡದೆ ಹಿಡಿದಿಡುವ ಅಂಟು, ಜೋಳದಲ್ಲಿ ಇಲ್ಲ. ಅದಕ್ಕೇ ತಾನೇ ನಾವು ರೊಟ್ಟಿ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವುದು? ಬಿಸಿನೀರಿಗೆ ಹಿಟ್ಟಿನ ಗಂಜಿ ಅಂಟಾಗಿ ಹಿಡಿದುಕೊಳ್ಳುತ್ತದೆ. ಹಾಗೆ ನಾದಿ ಜೋಳದ ಕಡಬಿನಂತೆ ಚಿಕ್ಕ ಚಿಕ್ಕ ತುಂಡು ಮಾಡಿ ಬೇಯಿಸಬಹುದು. ಪಟ್ಟಿಯೇ ಬೇಕೆಂದರೆ ಮೂರು ಪಾಲು ಬನ್ಸಿಗೆ ಒಂದು ಪಾಲು ಜೋಳ.

ಸದಕ ಗೋಧಿ ಸಿಕ್ಕರೆ ಬಿಡಬೇಡಿ. ಖಪ್ಲಿ, ಜವೆಗೋಧಿ ಅಂತಲೂ ಅನ್ನುತ್ತಾರೆ. ಇದರದೇ ಜಾತಿಯನ್ನು ಇಟಲಿಯವರು ಫಾರ್ರೊ ಅನ್ನುತ್ತಾರೆ, ಅಲ್ಲಿ ಅದರ ಪಾಸ್ತಾ ಮಾರುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಡಿಡಿಕೆ 1025, ಡಿಡಿಕೆ 1029 ತಳಿಗಳನ್ನು ಕೊಟ್ಟಿದೆ. ಹಿಟ್ಟು ಕೆಂಪಗೆ, ರುಚಿ ಕಾಳಿನದೇ. ಬೇಗ ಬಿರಿಯುತ್ತದೆ, ಸ್ವಲ್ಪ ದಪ್ಪಗೆ ಲಟ್ಟಿಸಿ. ಒಂದು ಎಚ್ಚರ: ಸದಕವೂ ಗೋಧಿಯೇ. ಗ್ಲುಟೆನ್ ಆಗದವರಿಗೆ ಇದೂ ಆಗದು.

ಒಣಗಿಸಿ ವರ್ಷವಿಡೀ ಇಡಬಹುದಾ?

ರವೆ ನೀರಿನ ಪಾಸ್ತಾ ಆದರೆ ಇಡಬಹುದು. ಮೊಟ್ಟೆ ಹಾಕಿದ್ದನ್ನು ಮನೆಯಲ್ಲಿ ಒಣಗಿಸಿ ಇಡಬೇಡಿ, ಮಾಡಿದ ದಿನವೇ ಉಣ್ಣಿ.

ಒಣಗಿಸುವುದು ಊರಿಂದ ಊರಿಗೆ ಬೇರೆ. ಬೆಳಗಾವಿಯಲ್ಲಿ ಜುಲೈ, ಆಗಸ್ಟಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಪಾಸ್ತಾ ಎಲ್ಲಿ ಒಣಗಬೇಕು? ಆ ತಿಂಗಳು ಪ್ರಯತ್ನವೇ ಬೇಡ, ಬೂಸು ಹತ್ತುತ್ತದೆ. ವಿಜಯಪುರದಲ್ಲಿ ತದ್ವಿರುದ್ಧ ಕಷ್ಟ. ಅಲ್ಲಿರುವ ನಮ್ಮ ವೈನಿ ಏಪ್ರಿಲ್ ತಿಂಗಳಲ್ಲಿ ಎರಡು ಕಿಲೋ ಪಟ್ಟಿ ಮಾಡಿ ಮಾಳಿಗೆಯ ಮೇಲೆ ರಣಬಿಸಿಲಿಗೆ ಹರವಿದರು. ಸಂಜೆಗೆ ಖಡಕ್ ಆಗಿತ್ತು. ಖುಷಿಯಿಂದ ಡಬ್ಬಿ ತುಂಬಿಟ್ಟರು. ಮರುದಿನ ನೋಡಿದರೆ ಎಲ್ಲ ಸಣ್ಣಗೆ ಬಿರಿದು ಚೂರುಚೂರು. ಹೊರಗೆ ಬೇಗ ಒಣಗಿ, ಒಳಗಿನ ತೇವ ನಿಧಾನಕ್ಕೆ ಹೊರಡುವಾಗ ಹೀಗೆ ಸೀಳುತ್ತದೆ. ಕಾರ್ಖಾನೆಯವರೂ ಇದಕ್ಕೇ ಹೆದರಿ ಬಿಸಿಗಾಳಿಯನ್ನೂ ತೇವವನ್ನೂ ಅಳೆದು ಒಣಗಿಸುತ್ತಾರೆ. ವೈನಿ ಚೂರುಗಳನ್ನು ಚೆಲ್ಲಲಿಲ್ಲ. ಶಾವಿಗೆ ಉಪ್ಪಿಟ್ಟಿನ ಹಾಗೆ ಒಗ್ಗರಣೆ ಹಾಕಿ ಒಂದು ವಾರ ಎಲ್ಲರಿಗೂ ತಿನ್ನಿಸಿದರು.

ನೆರಳಲ್ಲಿ, ಗಾಳಿ ಆಡುವ ಕಡೆ, ಶಾವಿಗೆ ಹಾಕುವ ಕೋಲಿನ ಮೇಲೆ ಹಾಕಿ. ಬೇಸಿಗೆಯಲ್ಲಿ ತೆಳುವಾದ ಬಟ್ಟೆ ಮುಚ್ಚಿ, ಎರಡು ದಿನ ಹಿಡಿಯಲಿ. ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ಆಮೇಲೆ ಗಾಳಿಯಾಡದ ಡಬ್ಬಿ.

ಒಬ್ಬರಿಗೆ ಎಷ್ಟು ಹಾಕಲಿ?

ಒಣದ್ದು 80ರಿಂದ 100 ಗ್ರಾಂ. ಹೊಲದಿಂದ ಬಂದವರಿಗೆ 150.

ಮಕ್ಕಳ ಡಬ್ಬಿಗೆ ಕಟ್ಟಿದರೆ ಮಧ್ಯಾಹ್ನ ಗಟ್ಟಿ ಆಗುತ್ತೆ, ಅಲ್ವಾ?

ಆಗುತ್ತದೆ. ಪಾಸ್ತಾ ತಣ್ಣಗಾಗುತ್ತಾ ಸಾಸನ್ನು ಕುಡಿಯುತ್ತದೆ. ಉದ್ದನೆಯದು ಬಿಟ್ಟು ಕವಾಟೆಲ್ಲಿ, ಪೆನ್ನೆಯಂಥ ಗಿಡ್ಡ ಆಕಾರ ಹಾಕಿ. ಸಾಸ್ ತೆಳ್ಳಗೆ, ಜಾಸ್ತಿ ಇರಲಿ. ಬಿಳಿ ಸಾಸ್ ಡಬ್ಬಿಗೆ ಬೇಡ, ನಮ್ಮ ಬೇಸಿಗೆಯಲ್ಲಿ ಹಾಲಿನದು ಮಧ್ಯಾಹ್ನದವರೆಗೆ ತಡೆಯುವ ಭರವಸೆ ಇಲ್ಲ.

ರಾತ್ರಿ ಉಳಿದದ್ದು?

ಫ್ರಿಜ್ಜಿನಲ್ಲಿಟ್ಟು ಮರುದಿನ ಮುಗಿಸಿ. ಹಂಚಿನ ಮೇಲೆ ಎಣ್ಣೆ ಹಾಕಿ, ಪಾಸ್ತಾ ಹರವಿ, ತಳ ಕೆಂಪಾಗುವವರೆಗೆ ಮುಟ್ಟಬೇಡಿ. ಆ ಸೀದ ಕುರುಕಲು ಭಾಗಕ್ಕೆ ನಮ್ಮ ಮನೆಯಲ್ಲಿ ಜಗಳ ಆಗುತ್ತದೆ.

ಭಾನುವಾರ ನಾವೂ ಬರಬಹುದಾ?

ಬರ್ರಿ. ಮೂರು ಗಂಟೆಗೆ. ನಮ್ಮಲ್ಲಿ ಲಟ್ಟಣಿಗೆ ಎರಡೇ ಇವೆ, ನಿಮ್ಮದು ತರ್ರಿ. ಶಾವಿಗೆ ಮಣೆ ಮುಟ್ಟುವ ಮೊದಲು ಅತ್ತೆಯವರನ್ನು ಕೇಳ್ರಿ.